ವಕಾಲತ್ತಿಗೆ ರುಜು ಹಾಕುವ ಮುನ್ನ



ವಿಮಾನ ಅಪಘಾತವಾದಾಗ ವಕೀಲರನ್ನು ಹೇಗೆ ಆರಿಸಿಕೊಳ್ಳಬೇಕು ಎಂಬ ವಿಷಯ ಕೈವಾರದಂಥ ಊರಿಗೆ ಏಕೆ ಬೇಕು ಎಂದು ಯಾರಾದರೂ ಕೇಳಬಹುದು. ಇಪ್ಪತ್ತೈದು ವರ್ಷದ ಹಿಂದೆ ಆ ಪ್ರಶ್ನೆ ಸರಿಯಾಗಿಯೇ ಇತ್ತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆದ ಮೇಲೆ ಮಾತು ಬೇರೆಯಾಗಿದೆ. ಕೈವಾರದಲ್ಲಿ ಕಾರು ಹತ್ತಿದರೆ ಒಂದೂವರೆ ಗಂಟೆಯಲ್ಲಿ ವಿಮಾನದ ಬಾಗಿಲ ಹತ್ತಿರ ಇರಬಹುದು. ಶಿಡ್ಲಘಟ್ಟದ ರೇಷ್ಮೆ ರೀಲರ್ ಮಗ ದುಬೈಯಲ್ಲಿ ಡ್ರೈವರ್, ಚಿಂತಾಮಣಿಯ ಮಂಡಿ ವರ್ತಕರ ಮಗಳು ಅಮೆರಿಕದಲ್ಲಿ ಸಾಫ್ಟ್‌ವೇರ್. ಬಾಣಂತನ ಮಾಡಲು ಸಾರಿನಪುಡಿ, ಹುರಿಗಡಲೆ ಉಂಡೆ ಕಟ್ಟಿಕೊಂಡು ಸಮುದ್ರ ದಾಟುವ ತಾಯಂದಿರು ಈಗ ಪ್ರತಿ ಹೋಬಳಿಯಲ್ಲೂ ಇದ್ದಾರೆ. ವಿಮಾನ ಬೀಳುವುದು ಬಹಳ ಅಪರೂಪ, ನಮ್ಮ ಚಿಂತಾಮಣಿ ರಸ್ತೆಯಷ್ಟು ಅಪಾಯ ಆಕಾಶದಲ್ಲಿಲ್ಲ. ಆದರೆ ಅಂಥದ್ದು ಆದ ದಿನ ಮನೆಗೆ ಮೊದಲು ಬರುವವರು ನೆಂಟರು, ಆಮೇಲೆ ಟಿವಿಯವರು, ಅವರ ಹಿಂದೆಯೇ ವಕೀಲರ ಕಡೆಯವರು. ನಾನೂ ಕರಿಕೋಟಿನವನೇ ಆದ್ದರಿಂದ ಈ ಮಾತನ್ನು ಸಂಕೋಚವಿಲ್ಲದೆ ಹೇಳಬಲ್ಲೆ.

ಮಂಗಳೂರಿನ ಕಥೆಯಿಂದ ಶುರು ಮಾಡೋಣ, ಏಕೆಂದರೆ ಈ ವಿಷಯದಲ್ಲಿ ಕನ್ನಡ ನಾಡು ಕಲಿತದ್ದೆಲ್ಲ ಅಲ್ಲಿಯೇ ಕಲಿತದ್ದು. 2010ರ ಮೇ 22, ಶನಿವಾರ, ಬೆಳಗಿನ ಆರು ಗಂಟೆ ದಾಟಿತ್ತು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 812ನೇ ವಿಮಾನ ಬಜ್ಪೆಯ ರನ್‌ವೇಯಲ್ಲಿ ತೀರ ಮುಂದಕ್ಕೆ ಬಂದು ನೆಲ ಮುಟ್ಟಿತು. ಎಂಟು ಸಾವಿರ ಅಡಿ ಉದ್ದದ ದಾರಿಯಲ್ಲಿ ಮೊದಲ ಐದು ಸಾವಿರ ಅಡಿ ಗಾಳಿಯಲ್ಲೇ ಮುಗಿದುಹೋಗಿತ್ತು. ಅದು ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ ನಿಲ್ದಾಣ, ಅಂಚು ದಾಟಿದರೆ ಕಣಿವೆ. ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು, ಎಂಟು ಮಂದಿ ಉಳಿದರು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ದುಡಿಯುವ ಕೈಯೇ ಹೋಯಿತು. ಕೊನೆಗೂ ಗುರುತು ಸಿಗದ 12 ದೇಹಗಳಿಗೆ ಕೂಳೂರಿನ ಬಳಿ ನದಿಯ ಪಕ್ಕದಲ್ಲಿ ಒಟ್ಟಿಗೆ ಅಂತ್ಯಸಂಸ್ಕಾರವಾಯಿತು.

ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ತನಿಖಾ ನ್ಯಾಯಾಲಯ ಕಾರಣವನ್ನು ಸ್ಪಷ್ಟವಾಗಿಯೇ ಹೇಳಿತು: ಇಳಿಯುವ ಕೋನ ಸರಿಯಿಲ್ಲ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಹೇಳುತ್ತಿದ್ದರೂ ಕ್ಯಾಪ್ಟನ್ ಇಳಿಸಿದರು. ಅಂದರೆ ತಪ್ಪು ಯಾರದು ಎಂಬ ಪ್ರಶ್ನೆಗೆ ಒಂದು ವರ್ಷದೊಳಗೇ ಹೆಚ್ಚುಕಡಿಮೆ ಉತ್ತರ ಸಿಕ್ಕಿತ್ತು. ಹಾಗಿದ್ದೂ ಒಂದು ಕುಟುಂಬದ ಪರಿಹಾರದ ಲೆಕ್ಕ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾದದ್ದು 2020ರ ಮಾರ್ಚ್ 4ರಂದು. ಹತ್ತು ವರ್ಷ ಹತ್ತಿರವಾಗಿತ್ತು. ಇಷ್ಟು ವರ್ಷ ವಕೀಲರು ಏನನ್ನು ಕುರಿತು ವಾದ ಮಾಡಿದರು? ಇದು ಗೊತ್ತಾದರೆ ಎಂಥ ವಕೀಲರು ಬೇಕು ಎಂಬುದೂ ಗೊತ್ತಾಗುತ್ತದೆ.

ಮಾಂಟ್ರಿಯಲ್ ಒಪ್ಪಂದ ಎಂಬ ಅಂತರರಾಷ್ಟ್ರೀಯ ಕಟ್ಟಳೆಗೆ ಭಾರತ ಸೇರಿದ್ದು 2009ರಲ್ಲಿ. ಆ ವರ್ಷ ಜೂನ್ 30ರಿಂದ ಅದು ನಮಗೂ ಜಾರಿಗೆ ಬಂತು. ಮಂಗಳೂರಿನ ದುರಂತ ಅದಾಗಿ ವರ್ಷ ತುಂಬುವ ಮೊದಲೇ ಆದದ್ದು. ಈ ಕಟ್ಟಳೆಯ ಪ್ರಕಾರ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಪ್ರಯಾಣಿಕ ಸತ್ತರೆ ಅಥವಾ ಗಾಯಗೊಂಡರೆ ಒಂದು ಮಿತಿಯವರೆಗೆ ಕಂಪನಿ ತನ್ನ ತಪ್ಪಿಲ್ಲ ಎಂದು ಜಾರಿಕೊಳ್ಳುವಂತಿಲ್ಲ. ಆ ಮಿತಿಯನ್ನು ರೂಪಾಯಿಯಲ್ಲಿ ಹೇಳುವುದಿಲ್ಲ, ಐಎಂಎಫ್‌ನ ಲೆಕ್ಕದ ಘಟಕವಾದ ಎಸ್‌ಡಿಆರ್‌ನಲ್ಲಿ ಹೇಳುತ್ತಾರೆ. ನಮ್ಮ ಕಾಯಿದೆಯಲ್ಲಿ ಆಗ ಇದ್ದದ್ದು ಒಂದು ಲಕ್ಷ ಎಸ್‌ಡಿಆರ್, ಅಂದಿನ ಬೆಲೆಗೆ 70–75 ಲಕ್ಷ ರೂಪಾಯಿ. ಒಪ್ಪಂದದಲ್ಲಿ ಈ ಮಿತಿಯನ್ನು ಆಗಾಗ ಏರಿಸುತ್ತಾರೆ, 2024ರ ಡಿಸೆಂಬರ್ 28ರಿಂದ ಅದು 1,51,880 ಎಸ್‌ಡಿಆರ್. ಮಿತಿ ದಾಟಿದ ಹಣ ಕೇಳಿದರೆ ಕಂಪನಿ ತಪ್ಪಿಸಿಕೊಳ್ಳಬಹುದು, ಆದರೆ ತನ್ನ ನಿರ್ಲಕ್ಷ್ಯ ಇರಲಿಲ್ಲ ಎಂದು ಸಾಬೀತು ಮಾಡುವ ಹೊರೆ ಅದರದೇ.

ಇಲ್ಲೇ ಎಲ್ಲರೂ ಎಡವುವುದು. ಮಂಗಳೂರಿನ ಕುಟುಂಬಗಳೂ ಹೀಗೇ ತಿಳಿದಿದ್ದವು: ಒಂದು ಲಕ್ಷ ಎಸ್‌ಡಿಆರ್ ಎಂದರೆ ಪ್ರತಿಯೊಬ್ಬರಿಗೂ ಕನಿಷ್ಠ ಅಷ್ಟು. ಕಂಪನಿ ಮಾತ್ರ ಸತ್ತವರ ಸಂಪಾದನೆ ನೋಡಿ ಒಬ್ಬೊಬ್ಬರಿಗೆ ಒಂದೊಂದು ಮೊತ್ತ ಹೇಳತೊಡಗಿತು. ಗಂಡಾಂತರ ಎಲ್ಲರಿಗೂ ಒಂದೇ, ಬೆಲೆ ಬೇರೆ ಬೇರೆ ಏಕೆ ಎಂದು ಜನ ಕೇಳಿದರು. ಕಾಸರಗೋಡು ಕಡೆಯ ಒಬ್ಬ ಯುವಕನ ಮನೆಯವರು ಕೇರಳ ಹೈಕೋರ್ಟಿಗೆ ಹೋದರು. 2011ರ ಜುಲೈಯಲ್ಲಿ ಏಕಸದಸ್ಯ ಪೀಠ, ಹೌದು, ಆ ಮೊತ್ತ ಎಲ್ಲರಿಗೂ ಸಲ್ಲಬೇಕು ಎಂದಿತು. ಅದೇ ವರ್ಷ ವಿಭಾಗೀಯ ಪೀಠ ಅದನ್ನು ತಿರುಗಿಸಿತು: ಅದು ಕನಿಷ್ಠ ಮೊತ್ತವಲ್ಲ, ಅಷ್ಟರವರೆಗೆ ಕಂಪನಿಗೆ ನೆಪ ಹೇಳುವ ಹಕ್ಕಿಲ್ಲ ಎಂದಷ್ಟೇ ಅರ್ಥ, ನಷ್ಟವೆಷ್ಟು ಎಂಬುದನ್ನು ಮನೆಯವರು ತೋರಿಸಲೇಬೇಕು ಎಂದಿತು. ನನಗೆ ಕೇಳಿದರೆ ಒಂದು ಕನಿಷ್ಠ ಮೊತ್ತ ಇರಬೇಕಿತ್ತು. ಆದರೆ ನನ್ನ ಅಭಿಪ್ರಾಯದ ಮೇಲೆ ಯಾರಿಗೂ ಚೆಕ್ ಬರುವುದಿಲ್ಲ.

ಸುಪ್ರೀಂ ಕೋರ್ಟಿನ ತೀರ್ಪಿಗೆ ಬರೋಣ. ತೀರಿಕೊಂಡವರು 45 ವರ್ಷದವರು, ಯುಎಇಯ ಒಂದು ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ರಾಷ್ಟ್ರೀಯ ಗ್ರಾಹಕ ಆಯೋಗ 7.35 ಕೋಟಿ ಕೊಟ್ಟಿತ್ತು. ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಅಜಯ್ ರಸ್ತೋಗಿ ಅದನ್ನು 7.64 ಕೋಟಿಗೆ ಏರಿಸಿ, ಶೇಕಡ 9ರ ಬಡ್ಡಿ ಸೇರಿಸಿದರು. ತೀರ್ಪು ಓದಿದರೆ ಪೈಲಟ್, ರನ್‌ವೇ, ಕಣಿವೆ ಇವುಗಳ ಮಾತು ಕಡಿಮೆ. ಚರ್ಚೆಯೆಲ್ಲ ಸಂಬಳದ ಚೀಟಿಯ ಮೇಲೆ. ಮಾಲೀಕರು ಸಂಬಳವನ್ನು ನಾನಾ ಭತ್ಯೆಗಳ ಹೆಸರಿನಲ್ಲಿ ಒಡೆದು ತೋರಿಸಿದ್ದರೆ ಆ ಭತ್ಯೆಗಳನ್ನು ಆದಾಯದಿಂದ ಕಳೆಯಬೇಕೇ? ಬೇಡ ಎಂದಿತು ಕೋರ್ಟು. ಅವರ ನೌಕರಿ ಕಾಯಂ ಆಗಿತ್ತೇ? ಆಗಿತ್ತು, ಆದ್ದರಿಂದ ಮುಂದೆ ಏರಬಹುದಾಗಿದ್ದ ಸಂಬಳಕ್ಕೆಂದು ಶೇಕಡ 30 ಸೇರಿಸಿರಿ ಎಂದಿತು. ನೇಮಕಾತಿ ಪತ್ರ, ಕಾಯಮಾತಿಯ ಪತ್ರ, ಸಂಬಳದ ಪಟ್ಟಿ ಇಂಥ ಮೂರು ನಾಲ್ಕು ಕಾಗದಗಳ ಮೇಲೆ ಕೋಟಿಗಳು ಅತ್ತಿತ್ತ ಹೋದವು.

ಆದ್ದರಿಂದ ನಾನು ಹೇಳುವುದು ಇಷ್ಟೇ. ವಿಮಾನ ಏಕೆ ಬಿತ್ತು ಎಂದು ಅಮೋಘವಾಗಿ ಮಾತಾಡುವ ವಕೀಲರು ನಿಮಗೆ ಮೊದಲು ಬೇಕಾಗಿಲ್ಲ. ತೀರಿಕೊಂಡವರು ಮನೆಗೆ ಏನಾಗಿದ್ದರು ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸುವ ವಕೀಲರು ಬೇಕು. ಮೊದಲ ಭೇಟಿಯಲ್ಲೇ ‘ಎಷ್ಟು ಕೋಟಿ ಬರುತ್ತದೆ ಗೊತ್ತಾ’ ಎನ್ನುವವರಿಗಿಂತ ‘ಬ್ಯಾಂಕ್ ಪಾಸ್‌ಬುಕ್ ತಂದಿದ್ದೀರಾ’ ಎನ್ನುವವರು ಮೇಲು.

ಇದರಲ್ಲೊಂದು ಸ್ವಾರಸ್ಯವಿದೆ. ಭಾರತದಲ್ಲಿ ವಿಮಾನದ ಸಾವಿಗೆ ಪರಿಹಾರ ಕಟ್ಟುವ ಗಣಿತ ಬಂದದ್ದು ಬಸ್ಸು ಲಾರಿಗಳ ಅಪಘಾತದ ಪ್ರಕರಣಗಳಿಂದ. ವಯಸ್ಸಿಗೆ ತಕ್ಕ ಗುಣಕ, ಸ್ವಂತ ಖರ್ಚಿನ ಕಡಿತ, ಭವಿಷ್ಯದ ಏರಿಕೆ, ಇವೆಲ್ಲ ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ, 2017ರ ಪ್ರಣಯ್ ಸೇಠಿ ಪ್ರಕರಣಗಳಲ್ಲಿ ಮೋಟಾರು ಅಪಘಾತಗಳಿಗಾಗಿ ಕೂಡಿಸಿಟ್ಟ ಸೂತ್ರಗಳು. ಹದಿನೈದರಿಂದ ಇಪ್ಪತ್ತೈದರವರೆಗಿನವರಿಗೆ 18ರ ಗುಣಕ, ವಯಸ್ಸು ಏರಿದಂತೆ ಅದು ಇಳಿಯುತ್ತದೆ. ಚಿಂತಾಮಣಿ ಕೋರ್ಟಿನಲ್ಲಿ ಎಂವಿಸಿ, ಅಂದರೆ ಮೋಟಾರು ಅಪಘಾತದ, ಕೇಸು ನಡೆಸಿ ಕೂದಲು ಹಣ್ಣಾದ ವಕೀಲರಿಗೆ ಇದು ಬಾಯಿಪಾಠ. ಪೇಟೆಯ ದೊಡ್ಡ ಆಫೀಸಿನ ಸೂಟುಬೂಟು ನೋಡಿ ನಮ್ಮ ತಾಲ್ಲೂಕಿನ ವಕೀಲರನ್ನು ಕಡೆಗಣಿಸಬೇಡಿ. ಅವರಿಗೆ ಗೊತ್ತಿಲ್ಲದಿರುವುದು ಮಾಂಟ್ರಿಯಲ್ ಒಪ್ಪಂದ. ಅದನ್ನು ಬಲ್ಲವರು ಬೆಂಗಳೂರಿನ ಹೈಕೋರ್ಟಿನಲ್ಲಿ ಸಿಗುತ್ತಾರೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿರಿ. ಒಬ್ಬರ ಕೈಯಲ್ಲಿ ಕಾಯಿದೆ ಇರುತ್ತದೆ, ಇನ್ನೊಬ್ಬರ ಕೈಯಲ್ಲಿ ನಿಮ್ಮ ಮನೆಯ ಸಂಗತಿ.

ಮನೆಯ ಸಂಗತಿ ಎಂದಾಗ ಸಂಬಳದ ಚೀಟಿ ಇರುವವರ ಮಾತು ಸುಲಭ. ನಮ್ಮ ಕಡೆಯ ರೈತ ಮಗಳನ್ನು ನೋಡಲು ಹೊರಟವನು ವಿಮಾನದಲ್ಲಿ ತೀರಿಕೊಂಡರೆ ಏನು ತೋರಿಸುವುದು? ತೋರಿಸಲು ಇದೆ. ಟೊಮೆಟೊ ಮಾರಿದ ಎಪಿಎಂಸಿ ಚೀಟಿಗಳು, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ರಸೀತಿಗಳು, ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಲೀಟರು, ಫ್ಯಾಟು ಬರೆದುಕೊಡುವ ಆ ಸಣ್ಣ ಪುಸ್ತಕ, ಪಹಣಿ, ಬೆಳೆ ಸಾಲದ ಪಾಸ್‌ಬುಕ್ಕು. ಎಣ್ಣೆ ಕೈ ಮೆತ್ತಿ, ಅಂಚು ಹರಿದ ಡೇರಿ ಪುಸ್ತಕವನ್ನು ಮನೆಯಲ್ಲಿ ಯಾರೂ ದಾಖಲೆ ಎಂದುಕೊಳ್ಳುವುದಿಲ್ಲ. ಮೂರು ವರ್ಷದ ಪುಸ್ತಕ ಜೋಡಿಸಿದರೆ ಅದು ಆದಾಯದ ಪುರಾವೆ. ಇದನ್ನು ಕೇಳಿ ಪಡೆಯುವ ಬುದ್ಧಿ ಮುಂಬಯಿಯ ವಕೀಲರಿಗೆ ಬರಲಾರದು. ಬಾಣಂತನಕ್ಕೆ ಹೊರಟ ತಾಯಿಗೆ ಬೆಲೆಯಿಲ್ಲ ಎಂದಲ್ಲ. ಸಂಬಳವಿಲ್ಲದ ಗೃಹಿಣಿಯ ದುಡಿಮೆಗೂ ಅಂದಾಜು ಆದಾಯ ಹಿಡಿಯಬೇಕು ಎಂದು ಸುಪ್ರೀಂ ಕೋರ್ಟು 2021ರ ಜನವರಿಯಲ್ಲಿ, ಅದೂ ಒಂದು ರಸ್ತೆ ಅಪಘಾತದ ಪ್ರಕರಣದಲ್ಲೇ, ಮತ್ತೆ ಒತ್ತಿ ಹೇಳಿದೆ. ಆ ತೀರ್ಪು ನಿಮ್ಮ ವಕೀಲರಿಗೆ ಗೊತ್ತಿದೆಯೇ ಎಂದು ಕೇಳಿ ನೋಡಿ. ಅದು ಒಳ್ಳೆಯ ಪರೀಕ್ಷೆ.

ಈಗ ಅವಸರದ ಮಾತು. ಒಂದು ಕಡೆ ಅವಸರ ಬೇಡ, ಇನ್ನೊಂದು ಕಡೆ ತಡ ಮಾಡುವಂತಿಲ್ಲ. ಮಾಂಟ್ರಿಯಲ್ ಒಪ್ಪಂದದ ಪ್ರಕಾರ ದಾವೆ ಹೂಡಲು ಎರಡು ವರ್ಷ. ವಿಮಾನ ತಲುಪಿದ ಅಥವಾ ತಲುಪಬೇಕಾಗಿದ್ದ ದಿನದಿಂದ ಎಣಿಕೆ ಶುರು. ಅದು ದಾಟಿದರೆ ಹಕ್ಕೇ ಇಲ್ಲವಾಗುತ್ತದೆ. ‘ತನಿಖಾ ವರದಿ ಬರಲಿ, ಆಮೇಲೆ ನೋಡೋಣ’ ಎನ್ನುವ ವಕೀಲರಿದ್ದರೆ ಎದ್ದು ಬನ್ನಿ. ವರದಿ ಬರಲು ವರ್ಷ ಹಿಡಿಯಬಹುದು, ಇನ್ನೂ ಹೆಚ್ಚೂ ಆಗಬಹುದು, ಮೇಲಾಗಿ ಆ ತನಿಖೆಯ ಉದ್ದೇಶ ಮುಂದಿನ ಅಪಘಾತ ತಪ್ಪಿಸುವುದೇ ಹೊರತು ನಿಮಗೆ ಹಣ ಕೊಡಿಸುವುದಲ್ಲ. ಹಾಗೆಂದು ಹತ್ತನೇ ದಿನದ ತಿಥಿಗೆ ಮುನ್ನವೇ ವಕಾಲತ್ತಿಗೆ ರುಜು ಹಾಕಬೇಕೆಂದಿಲ್ಲ. ಅಮೆರಿಕದಲ್ಲಿ ವಿಮಾನ ಅಪಘಾತವಾದರೆ 45 ದಿನದವರೆಗೆ ವಕೀಲರು ತಾವಾಗಿ ಕುಟುಂಬಗಳನ್ನು ಸಂಪರ್ಕಿಸುವಂತಿಲ್ಲ ಎಂಬ ಕಾನೂನೇ ಇದೆ. ನಮ್ಮಲ್ಲಿ ವಕೀಲರು ಯಾವ ಕಾಲದಲ್ಲೂ ಕಕ್ಷಿದಾರರನ್ನು ಹುಡುಕಿಕೊಂಡು ಹೋಗಬಾರದು, ಏಜೆಂಟರನ್ನು ಬಿಡಬಾರದು ಎಂಬುದು ಭಾರತೀಯ ವಕೀಲರ ಪರಿಷತ್ತಿನ ನಿಯಮ. ನಿಮ್ಮ ಮನೆಯ ಬಾಗಿಲಿಗೆ ತಾವಾಗಿ ಬಂದವರು ಆ ನಿಯಮವನ್ನು ಮುರಿದೇ ಬಂದಿದ್ದಾರೆ. ಅಲ್ಲಿಗೆ ಅವರ ಪರಿಚಯವಾಯಿತು.

ಭೋಪಾಲದ ನೆನಪಾಗುತ್ತದೆ. 1984ರ ಡಿಸೆಂಬರ್‌ನಲ್ಲಿ ಅನಿಲ ಸೋರಿದ ಕೆಲವೇ ದಿನಗಳಲ್ಲಿ ಅಮೆರಿಕದ ವಕೀಲರು ಬಂದಿಳಿದು ಬಡವರಿಂದ ಹೆಬ್ಬೆಟ್ಟು ಒತ್ತಿಸಿಕೊಂಡರು. 1986ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಜಾನ್ ಕೀನನ್ ಈ ಮೊಕದ್ದಮೆ ಭಾರತದಲ್ಲಿ ನಡೆಯಬೇಕಾದ್ದು ಎಂದು ವಾಪಸು ಕಳಿಸಿದರು. ಹೆಬ್ಬೆಟ್ಟು ಒತ್ತಿದವರು ಇಲ್ಲೇ ಉಳಿದರು. ಬೋಯಿಂಗ್‌ನಂಥ ತಯಾರಕರ ಮೇಲೆ ಅಮೆರಿಕದಲ್ಲಿ ದಾವೆ ಹೂಡಬಾರದೆಂದಲ್ಲ. ಯಂತ್ರದ ದೋಷವಿದ್ದರೆ ಹೂಡಬೇಕು, ಅದು ಮಾಂಟ್ರಿಯಲ್ ಒಪ್ಪಂದದ ಹೊರಗಿನ ಹಾದಿ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ 171 ಬಿದ್ದು, ವಿಮಾನದಲ್ಲಿದ್ದ 242 ಮಂದಿಯಲ್ಲಿ 241 ಮಂದಿಯೂ ನೆಲದ ಮೇಲಿದ್ದ 19 ಮಂದಿಯೂ ಹೋದ ಮೇಲೆ ಅಮೆರಿಕ, ಇಂಗ್ಲೆಂಡಿನ ವಕೀಲರ ಸಂಸ್ಥೆಗಳು ಎಷ್ಟೋ ಕುಟುಂಬಗಳ ಪರವಾಗಿ ನಿಂತಿವೆ. ಆದರೆ ಅಂಥವರನ್ನು ಹಿಡಿಯುವ ಮುನ್ನ ಒಂದು ಪ್ರಶ್ನೆ ಕೇಳಬೇಕು: ಅಲ್ಲಿಯ ಕೋರ್ಟು ‘ಭಾರತಕ್ಕೇ ಹೋಗಿ’ ಎಂದರೆ, ಆ ವೇಳೆಗೆ ಇಲ್ಲಿಯ ಎರಡು ವರ್ಷ ಮುಗಿದಿರುವುದಿಲ್ಲವೇ? ಇಲ್ಲಿಯ ದಾವೆಯನ್ನು ಯಾರು, ಯಾವಾಗ ಹೂಡುತ್ತಾರೆ? ವಿದೇಶದ ವಕೀಲರು ನಮ್ಮ ಕೋರ್ಟಿನಲ್ಲಿ ನಿಂತು ವಾದಿಸುವಂತಿಲ್ಲ. ಇದಕ್ಕೆ ಬಾಯಲ್ಲಿ ಅಲ್ಲ, ಬರವಣಿಗೆಯಲ್ಲಿ ಉತ್ತರ ಪಡೆಯಿರಿ.

ಫೀಸಿನ ವಿಷಯಕ್ಕೆ ಬರುತ್ತೇನೆ. ಕೈವಾರವೇ ಮಹಾಭಾರತದ ಏಕಚಕ್ರನಗರ, ಬಕಾಸುರ ಇದ್ದದ್ದು ನಮ್ಮ ಬೆಟ್ಟದಲ್ಲೇ ಎಂದು ನಂಬಿಕೊಂಡು ಬಂದವರು ನಾವು. ಸರದಿ ಬಂದ ಮನೆಯವರು ಗಾಡಿ ತುಂಬ ಅನ್ನ, ಜೊತೆಗೊಂದು ಆಳನ್ನು ಕಳಿಸಬೇಕು. ಆ ಬಡ ಮನೆಯ ಪರವಾಗಿ ಭೀಮ ಹೋದ. ವಕಾಲತ್ತು ಎಂದರೆ ಅದೇ, ನಿಮ್ಮ ಬದಲಿಗೆ ರಾಕ್ಷಸನ ಮುಂದೆ ಒಬ್ಬರನ್ನು ಕಳಿಸುವುದು. ಆದರೆ ಗಾಡಿಯ ಅನ್ನವನ್ನೆಲ್ಲ ತಿಂದವನೂ ಆ ಭೀಮನೇ ಎಂಬುದನ್ನು ಮರೆಯಬೇಡಿ. ಭೀಮನಾದರೋ ತಿಂದ ಮೇಲೆ ರಾಕ್ಷಸನನ್ನು ಕೊಂದ.

ಬಂದ ಪರಿಹಾರದಲ್ಲಿ ಇಷ್ಟು ಪಾಲು ಎಂದು ವಕೀಲರು ಕರಾರು ಮಾಡಿಕೊಳ್ಳುವುದು ಭಾರತದಲ್ಲಿ ನಿಷಿದ್ಧ. ಪರಿಷತ್ತಿನ ನಿಯಮವೂ ಹಾಗೇ ಹೇಳುತ್ತದೆ. 2017ರ ಡಿಸೆಂಬರ್‌ನಲ್ಲಿ ತೆಲಂಗಾಣದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತು. ಗಂಡನನ್ನು ರಸ್ತೆ ಅಪಘಾತದಲ್ಲಿ ಕಳೆದುಕೊಂಡ ಹೆಂಗಸಿನಿಂದ ಪರಿಹಾರದ ಶೇಕಡವಾರು ಫೀಸಿಗೆಂದು ವಕೀಲರು ಚೆಕ್ ಪಡೆದು, ಅದು ವಾಪಸಾದಾಗ ಆಕೆಯ ಮೇಲೆ ಕ್ರಿಮಿನಲ್ ದೂರು ಹಾಕಿದ್ದರು. ಅಂಥ ಫೀಸು ಸಾರ್ವಜನಿಕ ನೀತಿಗೆ ವಿರುದ್ಧ ಎಂದು ಕೋರ್ಟು ದೂರನ್ನೇ ರದ್ದು ಮಾಡಿತು. ನಮ್ಮ ಕೋರ್ಟುಗಳ ಅಂಗಳದಲ್ಲಿ ಶೇಕಡ ಇಷ್ಟು ಎಂಬ ಮಾತು ನಿಂತಿದೆಯೇ ಎಂದರೆ ನಿಂತಿಲ್ಲ, ಇದು ನನ್ನ ವೃತ್ತಿಯ ನಾಚಿಕೆ. ನೀವು ಒಪ್ಪಬೇಕಾಗಿಲ್ಲ. ಇಷ್ಟು ಫೀಸು, ಇಷ್ಟು ಕಂತು, ಕೋರ್ಟ್ ಶುಲ್ಕ ಬೇರೆ, ಓಡಾಟದ ಖರ್ಚು ಬೇರೆ ಎಂದು ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳಿ, ಕೊಟ್ಟದ್ದಕ್ಕೆ ರಸೀತಿ ಕೇಳಿ. ಅಮೆರಿಕದಲ್ಲಿ ಪಾಲಿನ ಕರಾರು ಕಾನೂನುಬದ್ಧ, ಮೂರನೇ ಒಂದು ಭಾಗ ಸಾಮಾನ್ಯ. ಅದೂ ಖರ್ಚು ಕಳೆಯುವ ಮೊದಲೋ ಆಮೇಲೋ ಎಂಬುದರಲ್ಲಿ ಬಹಳ ವ್ಯತ್ಯಾಸವಾಗುತ್ತದೆ.

ಹೆಸರು ನೋಡಿ ಮರುಳಾಗಬೇಡಿ ಎನ್ನಲು ಇನ್ನೊಂದು ಕಥೆ. 2018ರ ಅಕ್ಟೋಬರ್ 29ರಂದು ಇಂಡೋನೇಷ್ಯಾದಲ್ಲಿ ಲಯನ್ ಏರ್ ವಿಮಾನ ಸಮುದ್ರಕ್ಕೆ ಬಿದ್ದು 189 ಮಂದಿ ಸತ್ತರು. ಕೆಲವು ಕುಟುಂಬಗಳು ಲಾಸ್ ಏಂಜಲೀಸಿನ ಟಾಮ್ ಗಿರಾರ್ಡಿ ಎಂಬ ವಕೀಲರ ಸಂಸ್ಥೆಯನ್ನು ಹಿಡಿದವು. ಅವರು ಸಿನಿಮಾಕ್ಕೆ ಕಥೆಯಾದ ಎರಿನ್ ಬ್ರೋಕೊವಿಚ್ ಪ್ರಕರಣದಲ್ಲಿ ದುಡಿದು ಹೆಸರಾದವರು. ಬೋಯಿಂಗ್ ರಾಜಿಯ ಹಣ ಕೊಟ್ಟಿತು, ಹಣ ವಕೀಲರ ಖಾತೆಗೆ ಬಂತು, ವಿಧವೆಯರಿಗೆ, ಮಕ್ಕಳಿಗೆ ಪೂರ್ತಿ ತಲುಪಲಿಲ್ಲ. 2020ರ ಕೊನೆಯಲ್ಲಿ ಇದು ಬಯಲಾಗಿ ಸಂಸ್ಥೆ ಮುಳುಗಿತು. ಬೇರೆ ಕಕ್ಷಿದಾರರ ಹಣ ನುಂಗಿದ ಆರೋಪದಲ್ಲಿ 2024ರಲ್ಲಿ ಗಿರಾರ್ಡಿ ತಪ್ಪಿತಸ್ಥ ಎಂದು ತೀರ್ಮಾನವಾಯಿತು. ನಾವು ಕಲಿಯಬೇಕಾದ್ದು ಒಂದೇ: ಹಣ ನೇರವಾಗಿ ಅವಲಂಬಿತರ ಬ್ಯಾಂಕ್ ಖಾತೆಗೆ ಬರಬೇಕು. ವಕಾಲತ್ತಿನ ಅಚ್ಚಾದ ನಮೂನೆಯಲ್ಲಿ ‘ರಾಜಿ ಮಾಡಿಕೊಳ್ಳಲು, ಹಣ ಪಡೆಯಲು’ ಎಂಬ ಅಧಿಕಾರದ ಸಾಲು ಸಾಮಾನ್ಯವಾಗಿ ಇರುತ್ತದೆ. ಅದನ್ನು ಹೊಡೆದು ಹಾಕಿ ರುಜು ಮಾಡಲು ನಿಮಗೆ ಪೂರ್ಣ ಹಕ್ಕಿದೆ. ಇದಕ್ಕೆ ಮುನಿಸಿಕೊಳ್ಳುವ ವಕೀಲರನ್ನು ಬಿಟ್ಟರೆ ನಷ್ಟವಿಲ್ಲ.

ಅದೇ ಲಯನ್ ಏರ್ ಪ್ರಕರಣದಲ್ಲಿ ಇನ್ನೊಂದು ಆಯಿತು. ಅಲ್ಲಿಯ ಕಾನೂನಿನ ಪ್ರಕಾರ ಹೇಗೂ ಬರಬೇಕಾಗಿದ್ದ ಹಣವನ್ನು ಕೊಡುವಾಗಲೇ, ಬೋಯಿಂಗ್ ಸೇರಿದಂತೆ ಯಾರ ಮೇಲೂ ಮುಂದೆ ದಾವೆ ಹೂಡುವುದಿಲ್ಲ ಎಂಬ ಪತ್ರಕ್ಕೆ ಕುಟುಂಬಗಳಿಂದ ರುಜು ಕೇಳಿದರು. ಮಂಗಳೂರಿನಲ್ಲಿ ಮಧ್ಯಂತರ ಪರಿಹಾರ ಎಂದು 12 ವರ್ಷ ಮೇಲ್ಪಟ್ಟವರಿಗೆ 10 ಲಕ್ಷ, ಚಿಕ್ಕವರಿಗೆ 5 ಲಕ್ಷ ಕೊಟ್ಟರು. ಇಂಥ ಹಣ ತೆಗೆದುಕೊಳ್ಳುವುದರಲ್ಲಿ ತಪ್ಪಿಲ್ಲ, ಅದು ಕೊನೆಯ ಮೊತ್ತದಲ್ಲಿ ಕಳೆಯುತ್ತದೆ ಅಷ್ಟೆ. ಆದರೆ ‘ಪೂರ್ಣ ಮತ್ತು ಅಂತಿಮ’ ಎಂಬ ಮಾತಿರುವ ಕಾಗದ ಬಂದರೆ ಕೈ ನಿಲ್ಲಿಸಿ. ನಮ್ಮ ಕೈವಾರದ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಆ ಕಾಗದ ಮಾತ್ರ ಇಂಗ್ಲಿಷಿನಲ್ಲಿ. ಸಾಲುಸಾಲಾಗಿ ನಿಮ್ಮ ಮಾತಿನಲ್ಲಿ ಓದಿ ಹೇಳುವ ತಾಳ್ಮೆ ವಕೀಲರಿಗಿದೆಯೇ ನೋಡಿ.

ಮನೆಯೊಳಗಿನ ಜಗಳದ ಬಗ್ಗೆ ಹೇಳಲೇಬೇಕು, ಕಹಿಯಾದರೂ ಸರಿ. ಮಗ ಸತ್ತ. ಹೆಂಡತಿ ಒಂದು ಕಡೆ, ತಂದೆತಾಯಿ ಒಂದು ಕಡೆ. ಹಿಂದೂ ಉತ್ತರಾಧಿಕಾರದಲ್ಲಿ ತಾಯಿ, ಹೆಂಡತಿ, ಮಕ್ಕಳು ಮೊದಲ ದರ್ಜೆಯ ವಾರಸುದಾರರು, ತಂದೆ ಆ ಸಾಲಿನಲ್ಲಿಲ್ಲ. ಪರಿಹಾರವಾದರೋ ಅವಲಂಬಿತರಿಗೆ ಸಲ್ಲುವುದು, ಅಲ್ಲಿ ಲೆಕ್ಕ ಬೇರೆ. ಹೀಗಿರುವಾಗ ಇಬ್ಬರಿಗೂ ಒಬ್ಬರೇ ವಕೀಲರಿದ್ದು ಪಾಲಿನ ಮಾತು ಬಂದಾಗ ಅವರು ಯಾರ ಪರ? ಒಮ್ಮತವಿದ್ದರೆ ಪಾಲು ಎಷ್ಟೆಷ್ಟು ಎಂದು ಮೊದಲೇ ಬರೆದಿಟ್ಟು ಒಬ್ಬರನ್ನೇ ಇಟ್ಟುಕೊಳ್ಳಿ. ಇಲ್ಲದಿದ್ದರೆ ಸೊಸೆಗೆ ಬೇರೆ ವಕೀಲರು ಬೇಕು. ಇದನ್ನು ತಾವಾಗಿಯೇ ಹೇಳುವ ವಕೀಲರು ಪ್ರಾಮಾಣಿಕರು. ಅಪ್ರಾಪ್ತ ಮಕ್ಕಳ ಪಾಲಿನ ರಾಜಿಗೆ ಕೋರ್ಟಿನ ಅನುಮತಿ ಬೇಕೇ ಬೇಕು, ಯಾವ ದೊಡ್ಡಪ್ಪನ ರುಜುವೂ ಅದಕ್ಕೆ ಸಾಲದು.

ಕೈವಾರ ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸುವಾಗ ಎಚ್ಚರ. ಮದುವೆಯಾಗಿ ಹೋದ ಮಗಳ ಹೆಸರು ಬಿಟ್ಟರೆ, ಆಧಾರಿನಲ್ಲಿ ಒಂದು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಇದ್ದರೆ, ಇಡೀ ಕೇಸು ತಿಂಗಳುಗಟ್ಟಲೆ ಅಲ್ಲೇ ಕೂರುತ್ತದೆ. ಮರಣ ನೋಂದಣಿ ಆಗುವುದು ಸಾವು ಸಂಭವಿಸಿದ ಊರಿನಲ್ಲಿ, ಕೈವಾರದಲ್ಲಲ್ಲ. ಟಿಕೆಟ್ಟನ್ನು ಕಾಪಾಡಿ. ಬೆಂಗಳೂರಿನಿಂದ ದೆಹಲಿಗೆ, ಅಲ್ಲಿಂದ ಲಂಡನ್ನಿಗೆ ಒಂದೇ ಪ್ರಯಾಣವಾಗಿ ಬುಕ್ ಮಾಡಿದ್ದರೆ ದೆಹಲಿಯವರೆಗಿನ ಹಾರಾಟವೂ ಅಂತರರಾಷ್ಟ್ರೀಯ ಪ್ರಯಾಣದ ಭಾಗವೇ, ಮಾಂಟ್ರಿಯಲ್ ಒಪ್ಪಂದ ಅದಕ್ಕೂ ಅನ್ವಯ. ಅದರ ಜೊತೆಗೆ ಹೋಗಿಬರುವ ಟಿಕೆಟ್ಟಿದ್ದರೆ ಗಮ್ಯಸ್ಥಾನ ಎಂದು ಹಿಡಿಯುವುದು ಹೊರಟ ಊರನ್ನೇ, ಯಾವ ದೇಶದ ಕೋರ್ಟು ಎಂಬುದು ಇದರ ಮೇಲೂ ನಿಂತಿದೆ.

ದಾವೆಯನ್ನು ಎಲ್ಲಿ ಹೂಡುವುದು ಎಂಬುದು ವಕೀಲರೊಡನೆ ಕೂತು ತೂಗಿ ನೋಡಬೇಕಾದ್ದು. ಮಂಗಳೂರಿನ ದುರಂತದಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋದ ಆ ಕುಟುಂಬ ನೇರವಾಗಿ ದೆಹಲಿಯ ರಾಷ್ಟ್ರೀಯ ಆಯೋಗಕ್ಕೆ ಹೋಗಿತ್ತು. 2019ರ ಹೊಸ ಗ್ರಾಹಕ ಕಾಯಿದೆಯಲ್ಲಿ ಯಾವ ಮಟ್ಟದ ಆಯೋಗ ಎಂಬುದು ಕೇಳುವ ಪರಿಹಾರದಿಂದಲ್ಲ, ಕೊಟ್ಟ ಬೆಲೆಯಿಂದ ತೀರ್ಮಾನವಾಗುತ್ತದೆ, 50 ಲಕ್ಷದವರೆಗೆ ಜಿಲ್ಲಾ ಆಯೋಗ. ವಿಮಾನದ ಟಿಕೆಟ್ಟಿಗೆ ಅಷ್ಟು ಕೊಟ್ಟವರು ನಮ್ಮಲ್ಲಿ ಯಾರಿದ್ದಾರೆ? ಜೊತೆಗೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ಚಿಕ್ಕಬಳ್ಳಾಪುರಕ್ಕೇ ಹೋಗುವ ದಾರಿ ಕಾಯಿದೆಯಲ್ಲಿದೆ. ಕೋಟಿಗಳ ವ್ಯಾಜ್ಯಕ್ಕೆ ಸಿವಿಲ್ ಕೋರ್ಟು ಮೇಲೋ ಆಯೋಗ ಮೇಲೋ ಎಂದು ಕೇಳಿದರೆ ಒಳ್ಳೆಯ ವಕೀಲರು ಎರಡರ ಸಾಧಕ ಬಾಧಕವನ್ನೂ ಹೇಳುತ್ತಾರೆ.

ವಕೀಲರೇ ಬೇಡವಾದ ಕೆಲಸಗಳೂ ಇವೆ. ಜೀವವಿಮೆ, ಕಾರ್ಡಿನ ಜೊತೆಗೆ ಬಂದ ಅಪಘಾತ ವಿಮೆ, ಇಸಿಆರ್ (ವಲಸೆ ತಪಾಸಣೆ ಬೇಕಾದ) ಪಾಸ್‌ಪೋರ್ಟಿನಲ್ಲಿ ಗಲ್ಫಿಗೆ ಹೋದ ಕಾರ್ಮಿಕರಿಗಿರುವ 10 ಲಕ್ಷದ ಪ್ರವಾಸಿ ಭಾರತೀಯ ಬಿಮಾ ಯೋಜನೆ, ಇವಕ್ಕೆಲ್ಲ ಅರ್ಜಿ ನಮೂನೆ ಸಾಕು. ಇದಕ್ಕೂ ಪಾಲು ಕೇಳುವವರಿದ್ದರೆ ಚಹಾ ಕೊಟ್ಟು ಕಳಿಸಿ.

ಹಿಡಿದ ವಕೀಲರು ಸರಿಬರಲಿಲ್ಲ ಎಂದುಕೊಳ್ಳಿ. ಬದಲಾಯಿಸಬಹುದು. ಫೀಸು ಬಾಕಿಯಿದೆ ಎಂದು ನಿಮ್ಮ ಕಾಗದಗಳನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ, ಇದು 2000ನೇ ಇಸವಿಯಲ್ಲೇ ಸುಪ್ರೀಂ ಕೋರ್ಟು ಹೇಳಿದ ಮಾತು. ದೂರು ಕೊಡುವುದಾದರೆ ಬೆಂಗಳೂರಿನಲ್ಲಿ ರಾಜ್ಯ ವಕೀಲರ ಪರಿಷತ್ತಿದೆ. ಅಂದಹಾಗೆ, ಮೊದಲ ದಿನವೇ ಅವರ ಎನ್‌ರೋಲ್‌ಮೆಂಟ್ ಸಂಖ್ಯೆ ಬರೆದುಕೊಂಡಿರಿ.

ಹಣವಿಲ್ಲದವರು ಏನು ಮಾಡಬೇಕು ಎಂದು ಕೇಳುವವರಿಗೆ ಕೊನೆಯದಾಗಿ ಇದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೇ ಕಲಮಿನಲ್ಲಿ ಉಚಿತ ವಕೀಲರನ್ನು ಪಡೆಯುವ ಹಕ್ಕು ಯಾರಿಗಿದೆ ಎಂಬ ಪಟ್ಟಿಯಿದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಅದರಲ್ಲಿದ್ದಾರೆ. ಸಾಮೂಹಿಕ ದುರಂತಕ್ಕೆ ಸಿಕ್ಕಿ ಕಷ್ಟಕ್ಕೆ ಬಿದ್ದವರೂ ಇದ್ದಾರೆ. ಇವರಿಗೆ ಆದಾಯದ ಮಿತಿ ಇಲ್ಲ. ಚಿಂತಾಮಣಿಯ ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಚಿಕ್ಕಬಳ್ಳಾಪುರದಲ್ಲಿ ಜಿಲ್ಲಾ ಪ್ರಾಧಿಕಾರವಿದೆ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಅರ್ಜಿ ಬರೆದರೂ ನಡೆಯುತ್ತದೆ. ದೇಶಕ್ಕೆಲ್ಲ ಒಂದೇ ಸಹಾಯವಾಣಿಯ ಸಂಖ್ಯೆ 15100. ಬರೆದಿಟ್ಟುಕೊಳ್ಳಿ.